ವಿದ್ಯುತ್ತು ನಿಂತಾಗ ಮೀನಿನ ತೊಟ್ಟಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ‘ಲೈಟ್ ಹೋತು’ ಎಂಬ ಮಾತು ಕೇಳಿಬರದ ಮಳೆಗಾಲವಿಲ್ಲ. ಗಾಳಿಗೆ ತಂತಿ ಕಡಿದಾಗಲೂ, ದುರಸ್ತಿಗೆಂದು ಹೆಸ್ಕಾಂನವರು ಪೂರೈಕೆಯನ್ನು ತಡೆದಾಗಲೂ ಕತ್ತಲೆ ಕೆಲವು ಗಂಟೆಗಳದು. ಆದರೆ 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ ಕತ್ತಲೆಗೆ ಗಡುವೇ ಇರಲಿಲ್ಲ. ಹೊಲಗಳ ನಡುವಣ ತೋಟದ ಮನೆಗಳ ಪಾಡು ಇನ್ನೂ ಬೇರೆ. ಪಂಪ್‌ಸೆಟ್ಟುಗಳ ಮಾರ್ಗದಿಂದಲೇ ಬೆಳಕು ಪಡೆಯುವ ಮನೆಗಳಿಗೆ ವಿದ್ಯುತ್ತು ಸರದಿಯ ಮೇಲೆ ಬರುವುದು. ಮನುಷ್ಯರು ಕಂದೀಲು ಹಚ್ಚಿ ರಾತ್ರಿ ಕಳೆದಾರು. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿರುವ ಮೀನುಗಳು ಏನು ಮಾಡಬೇಕು?

ಮೊದಲು ಅವುಗಳ ಉಸಿರಿನ ಲೆಕ್ಕವನ್ನು ನೋಡೋಣ. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ನೀರು ಹೆಚ್ಚೆಂದರೆ 7.6 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 20 ಡಿಗ್ರಿಯಲ್ಲಾದರೆ 9.1. ನೀರು ಕಾದಷ್ಟೂ ಉಗ್ರಾಣ ಬರಿದಾಗುತ್ತದೆ, ಮೀನಿನ ಬೇಡಿಕೆಯಾದರೋ ಏರುತ್ತದೆ. ಅಥಣಿಯ ಬೇಸಗೆಯಲ್ಲಿ ಮೀನು ಸಾಕುವವರು ಇದನ್ನು ನೆನಪಿಡಬೇಕು. 60 ಸೆಂಟಿಮೀಟರು ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರು ನೀರು ಹಿಡಿಯುವುದು. 30 ಡಿಗ್ರಿಯಲ್ಲಿ ಅದರ ಒಟ್ಟು ಆಮ್ಲಜನಕ ಸುಮಾರು 410 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅಪಾಯವೆಂದು ಎಣಿಸಿದರೆ ಬಳಕೆಗೆ ಸಿಗುವುದು 300. ತೊಟ್ಟಿಯ ಮೀನುಗಳ ಒಟ್ಟು ತೂಕ ಕಾಲು ಕಿಲೋಗ್ರಾಂ ಇರಲಿ. ಕಿಲೋಗ್ರಾಮಿಗೆ ಗಂಟೆಗೆ 200 ಮಿಲಿಗ್ರಾಂ ಬೇಕೆಂದು ಇಟ್ಟುಕೊಂಡರೆ ಗಂಟೆಯ ವೆಚ್ಚ 50. ಆರು ಗಂಟೆಗೆ ಭಂಡಾರ ಮುಗಿಯಿತು! ಕತ್ತಲೆಯಲ್ಲಿ ಜಲಸಸ್ಯಗಳೂ ಬ್ಯಾಕ್ಟೀರಿಯಗಳೂ ಆಮ್ಲಜನಕವನ್ನು ಬಳಸುವುದರಿಂದ ನಸುಕಿನ ವೇಳೆಯೇ ಅತ್ಯಂತ ಕಠಿನವಾದದ್ದು.

ಮೇಲಿನ ಗಾಳಿಯಿಂದ ಆಮ್ಲಜನಕ ತಾನಾಗಿಯೇ ಇಳಿಯುವುದಿಲ್ಲವೇ ಎಂದು ವಾಚಕರು ಕೇಳಬಹುದು. ಇಳಿಯುತ್ತದೆ, ಆದರೆ ನಿಶ್ಚಲವಾದ ನೀರಿನಲ್ಲಿ ಅಣುಗಳು ಬರಿಯ ವಿಸರಣದಿಂದ 15 ಸೆಂಟಿಮೀಟರು ಸಾಗಲು ಸುಮಾರು ಎರಡು ತಿಂಗಳು ಹಿಡಿಯುವುದು. ಮೀನಿನ ಓಡಾಟದಿಂದ ನೀರು ಕೊಂಚ ಕಲಕುವುದೇನೋ ನಿಜ, ಮೀನು ಹೆಚ್ಚಿರುವ ತೊಟ್ಟಿಗೆ ಅದು ಸಾಲದು. ಗಾಳಿಯ ಪಂಪಿನ ಮುಖ್ಯ ಕೆಲಸ ಇಲ್ಲಿಯೇ ಇದೆ. ಗುಳ್ಳೆಗಳು ಏರುವಾಗ ತಳದ ನೀರನ್ನು ಮೇಲಕ್ಕೆಳೆದು ಗಾಳಿಗೆ ಒಡ್ಡುತ್ತವೆ. ಗುಳ್ಳೆಯ ಒಳಗಿನಿಂದ ಕರಗುವ ಆಮ್ಲಜನಕಕ್ಕಿಂತ ಈ ಕಲಕಾಟದ ಲಾಭವೇ ದೊಡ್ಡದು.

ಇದಕ್ಕೆ ಬೇಕಾದ ಶಕ್ತಿ ಎಷ್ಟು? 30 ಸೆಂಟಿಮೀಟರು ಆಳದಲ್ಲಿ ನೀರಿನ ಒತ್ತಡ ಸುಮಾರು 3000 ಪಾಸ್ಕಲ್. ಅದರೆದುರು ನಿಮಿಷಕ್ಕೆ ಒಂದು ಲೀಟರು ಗಾಳಿಯನ್ನು ನೂಕಲು 3 ಜೂಲ್, ಅಂದರೆ ಒಂದು ವ್ಯಾಟಿನ ಇಪ್ಪತ್ತನೆಯ ಒಂದು ಭಾಗ ಸಾಕು. ನಷ್ಟಗಳೆಲ್ಲವನ್ನೂ ಸೇರಿಸಿದರೂ ಒಂದು ವ್ಯಾಟಿನ ಪಂಪು ಧಾರಾಳವಾಯಿತು. ದೊಡ್ಡ ಯಂತ್ರವನ್ನು ಕೊಳ್ಳಲು ಹೊರಟವರು ಈ ಅಂಕಿಯನ್ನು ಮರೆಯಬಾರದು.

ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಅದಕ್ಕೇ ಜೋಡಿಸೋಣವೆನ್ನುವುದು ಸಹಜ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆಗಳಿವೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡುವುದು ಅದರ ಆಯುಷ್ಯಕ್ಕೆ ಕೇಡು, ಉಳಿದದ್ದು 900. ಎರಡು ಫ್ಯಾನುಗಳೂ ಒಂದೆರಡು ದೀಪಗಳೂ ಸೇರಿ 180 ವ್ಯಾಟು ಎಳೆದರೆ ಐದು ಗಂಟೆಗೆ ಎಲ್ಲವೂ ಸ್ತಬ್ಧ. ಬರಿಯ ಪಂಪಿಗಾಗಿ ಇನ್‌ವರ್ಟರನ್ನು ಇಡುವುದೂ ದುಂದು, ಏಕೆಂದರೆ 5 ವ್ಯಾಟಿನ ಪಂಪನ್ನು ನಡೆಸಲು ಅದು ತಾನೇ ಹತ್ತು ಹದಿನೈದು ವ್ಯಾಟನ್ನು ನುಂಗಬಹುದು.

ನಮ್ಮ ಆಯ್ಕೆ ಏಕಮುಖ ಪ್ರವಾಹದಿಂದ ನಡೆಯುವ ಪ್ರತ್ಯೇಕವಾದ ಸಣ್ಣ ಪಂಪು. ಸಾಮಾನ್ಯ ಪಂಪಿನಲ್ಲಿ ಪರ್ಯಾಯ ಪ್ರವಾಹಕ್ಕೆ ತಕ್ಕಂತೆ ಅಯಸ್ಕಾಂತವೊಂದು ಸೆಕೆಂಡಿಗೆ 50 ಸಲ ಅತ್ತಿತ್ತ ತುಯ್ದು ರಬ್ಬರು ಪೊರೆಯನ್ನು ಒತ್ತುವುದು. ಅದನ್ನು ನೇರವಾಗಿ ಬ್ಯಾಟರಿಗೆ ಸೇರಿಸಿದರೆ ಅಯಸ್ಕಾಂತ ಒಂದು ಕಡೆಗೆ ವಾಲಿ ಸುಮ್ಮನಾಗುವುದು. ಅದಕ್ಕೇ ಬೇರೆ ಪಂಪು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧ ಬಳಕೆಯಲ್ಲಿ 42 ವ್ಯಾಟ್-ಗಂಟೆ ಕೊಡುವುದು. 3 ವ್ಯಾಟಿನ ಪಂಪಿಗೆ 14 ಗಂಟೆ. ತಂತಿಯಲ್ಲಿ ಫ್ಯೂಜು ಇರಲಿ. ಮೊಬೈಲಿನ ಪವರ್ ಬ್ಯಾಂಕೂ ಆದೀತು: 10,000 ಮಿಲಿಆಂಪಿಯರ್-ಗಂಟೆ ಎಂದು ಬರೆದಿರುವುದು ಒಳಗಿನ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. ಅದರಲ್ಲಿ 25 ಕೈಗೆ ಬಂದರೂ ಒಂದು ವ್ಯಾಟಿನ ಪಂಪು ಒಂದು ಹಗಲು ಒಂದು ರಾತ್ರಿ ನಡೆಯುವುದು. ಆದರೆ ಕೆಲವು ಪವರ್ ಬ್ಯಾಂಕುಗಳು ಅಲ್ಪ ಪ್ರವಾಹವನ್ನು ಕಂಡು ತಾವಾಗಿಯೇ ಆರಿಹೋಗುತ್ತವೆ. ಕೊಂಡ ದಿನವೇ ಒಂದು ಇಡೀ ರಾತ್ರಿ ಓಡಿಸಿ ನೋಡುವುದು ಲೇಸು.

ಪೆಟ್ರೋಲಿನ ಜನರೇಟರು ಇಷ್ಟು ಸಣ್ಣ ಕೆಲಸಕ್ಕೆ ತಕ್ಕುದಲ್ಲ. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಮನೆಯೊಳಗೆ ಎಂದೂ ಹಚ್ಚಕೂಡದು. ನೆರೆಯ ಕಾಲದಲ್ಲಿ ಬ್ಯಾಟರಿಯೂ ಬರಿದಾದರೆ ಮೀನಿಗೆ ತಿನಿಸನ್ನು ನಿಲ್ಲಿಸಿ, ಗಂಟೆಗೊಮ್ಮೆ ತಂಬಿಗೆಯಿಂದ ತೊಟ್ಟಿಯ ನೀರನ್ನೇ ಎತ್ತಿ ಗೇಣೆತ್ತರದಿಂದ ಹತ್ತಿಪ್ಪತ್ತು ಸಲ ಸುರಿಯಬೇಕು. ಗೌರಾಮಿ, ಫೈಟರ್ ಮೀನುಗಳು ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವಾದ್ದರಿಂದ, ವಿದ್ಯುತ್ತಿನ ಭರವಸೆಯಿಲ್ಲದ ತೋಟದ ಮನೆಗೆ ಅವೇ ಒಳ್ಳೆಯ ಆಯ್ಕೆ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿರಿ. ಕೆಳಗಿದ್ದರೆ ಅದು ನಿಂತೊಡನೆ ನೀರು ಸೈಫನ್ನಿನಂತೆ ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ತೋಯಿಸೀತು. ಮುಚ್ಚಿದ ಡಬ್ಬಿಯ ಶೋಧಕವಿರುವವರಿಗೆ ಇನ್ನೊಂದು ಕೆಲಸವುಂಟು. ಹಲವು ಗಂಟೆ ನಿಂತ ಶೋಧಕದಲ್ಲಿ ಉಪಕಾರಿ ಬ್ಯಾಕ್ಟೀರಿಯಗಳು ಆಮ್ಲಜನಕವಿಲ್ಲದೆ ಸತ್ತು ಕೊಳೆಯತೊಡಗುತ್ತವೆ. ವಿದ್ಯುತ್ತು ಮರಳಿದ ಮೇಲೆ ಒಳಗಿನ ಕೊಳಕು ನೀರನ್ನು ಹೊರಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಒಂದಿಷ್ಟು ನೀರಿನಲ್ಲಿ ಜಾಲಿಸಿ, ಆಮೇಲೆ ಚಾಲೂ ಮಾಡತಕ್ಕದ್ದು.