ಮೇಜಿನಿಂದ ಎದ್ದು ಹೋದ ಪೇತ್ರ

ಗಲಾತ್ಯ 2ನೇ ಅಧ್ಯಾಯ, 11ರಿಂದ 14ನೇ ವಚನ ತೆಗೆಯಿರಿ.

ಅಂತಿಯೋಕ್ಯದ ಸಭೆಯಲ್ಲಿ ಪೇತ್ರನು ಅನ್ಯಜನರ ಜೊತೆ ಕೂತು ಊಟ ಮಾಡ್ತಿದ್ದ. ಯಾಕೋಬನ ಕಡೆಯವರು ಬಂದ ಕೂಡಲೇ ಹಿಂದೆ ಸರಿದ. ಅವನನ್ನು ನೋಡಿ ಬಾರ್ನಬನೂ ಸರಿದ. ಇವರೇನು ಹೊಸ ವಿಶ್ವಾಸಿಗಳಾ? ಪಂಚಾಶತ್ತಮ ದಿನದಲ್ಲಿ ಅಭಿಷೇಕ ಹೊಂದಿದವನು ಪೇತ್ರ. ಕೊರ್ನೇಲ್ಯನ ಮನೆಯಲ್ಲಿ ಅನ್ಯಜನರ ಮೇಲೆ ಪವಿತ್ರಾತ್ಮನು ಇಳಿದದ್ದನ್ನು ಕಣ್ಣಾರೆ ಕಂಡವನು. ಆದರೂ ಎದ್ದು ಹೋದ. ಯಾಕೆ? ಭಯ. ನಮ್ಮವರು ಏನಂದುಕೊಳ್ತಾರೋ ಅನ್ನೋ ಭಯ.

ಪೌಲನು ಇದನ್ನು ಬರೀ ಊಟದ ವಿಷಯ ಅಂತ ಬಿಡಲಿಲ್ಲ. ಇದು ಸುವಾರ್ತೆಯ ಸತ್ಯದ ವಿಷಯ ಅಂತ ಎಲ್ಲರ ಮುಂದೆಯೇ ಎದುರಿಸಿದ.

ಪ್ರಿಯರೇ, ನಮ್ಮ ಪೆಂತೆಕೊಸ್ತ್ ಚರಿತ್ರೆಯಲ್ಲೂ ಇದೇ ನಡೆದಿದೆ. ವಿಲಿಯಂ ಸೇಮೂರ್ 1870ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದರು. ಅವರ ತಂದೆತಾಯಿ ಹಿಂದೆ ಗುಲಾಮರಾಗಿದ್ದವರು. ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪರ್ಹಾಮ್ ನಡೆಸುತ್ತಿದ್ದ ಬೈಬಲ್ ಶಾಲೆಯಲ್ಲಿ ಬಿಳಿಯರ ಜೊತೆ ಕೂರೋಕೆ ಅವರಿಗೆ ಅನುಮತಿ ಇರಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ಕೂತು ತೆರೆದ ಬಾಗಿಲಿನಿಂದ ಪಾಠ ಕೇಳಿದರು. ಅದೇ ಮನುಷ್ಯನನ್ನು ದೇವರು 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಹಳೇ ಕಟ್ಟಡದಲ್ಲಿ ನಿಲ್ಲಿಸಿದರು. ಕರಿಯರು, ಬಿಳಿಯರು, ಮೆಕ್ಸಿಕೋದವರು ಒಟ್ಟಿಗೆ ಮೊಣಕಾಲೂರಿದರು. ಆ ಜಾಗದಿಂದ ಹೊರಟ ಬೆಂಕಿ ಇವತ್ತು ನಮ್ಮ ತನಕ ಬಂದಿದೆ. ಹಲ್ಲೆಲೂಯಾ!

ಆದರೆ ಜನ ಮತ್ತೆ ಮೇಜಿನಿಂದ ಎದ್ದರು. ಪರ್ಹಾಮ್ ಅಲ್ಲಿಗೆ ಬಂದು, ಬಣ್ಣಗಳು ಬೆರೆತದ್ದನ್ನು ಕಂಡು ಖಂಡಿಸಿದರು. ಕೆಲವೇ ವರ್ಷಗಳಲ್ಲಿ ಕರಿಯರ ಸಭೆ ಬೇರೆ, ಬಿಳಿಯರ ಸಭೆ ಬೇರೆ ಆಯಿತು. 1948ರಲ್ಲಿ ಉತ್ತರ ಅಮೆರಿಕದ ಪೆಂತೆಕೊಸ್ತ್ ಸಭೆಗಳ ಒಕ್ಕೂಟ ಕಟ್ಟಿದಾಗ ಅದರಲ್ಲಿ ಒಂದೂ ಕರಿಯರ ಸಭೆ ಇರಲಿಲ್ಲ. ಅನ್ಯಭಾಷೆ ಇತ್ತು, ಪಕ್ಕದಲ್ಲಿ ಸಹೋದರ ಇರಲಿಲ್ಲ.

1994ರ ಅಕ್ಟೋಬರ್‌ನಲ್ಲಿ ಮೆಂಫಿಸ್‌ನಲ್ಲಿ ಎರಡೂ ಕಡೆಯ ನಾಯಕರು ಸೇರಿದರು. ಒಬ್ಬ ಬಿಳಿಯ ಪಾಸ್ಟರ್ ಕರಿಯ ಬಿಷಪ್ ಒಬ್ಬರ ಕಾಲು ತೊಳೆದು ಕ್ಷಮೆ ಕೇಳಿದರು. ಜನ ಅತ್ತರು. ಆದರೆ ಅತ್ತು ಮನೆಗೆ ಹೋಗಲಿಲ್ಲ, ನೋಡಿ. ಆ ಹಳೇ ಒಕ್ಕೂಟವನ್ನೇ ವಿಸರ್ಜಿಸಿ ಹೊಸದನ್ನು ಕಟ್ಟಿದರು. ಕರಿಯ ಬಿಷಪ್ ಇಥಿಯೇಲ್ ಕ್ಲೆಮನ್ಸ್ ಅದರ ಅಧ್ಯಕ್ಷರಾದರು.

ಇದು ಅಪೊಸ್ತಲರ ಕೃತ್ಯಗಳು 6ರ ದಾರಿ. ಗ್ರೀಕ್ ಮಾತಾಡುವ ವಿಧವೆಯರಿಗೆ ಊಟ ಸಿಗ್ತಿಲ್ಲ ಅಂತ ದೂರು ಬಂತು. ಅಪೊಸ್ತಲರು "ಪ್ರಾರ್ಥನೆ ಮಾಡ್ತೀವಿ" ಅಂತ ಹೇಳಿ ಕಳಿಸಿಬಿಡಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಲು ಸಭೆಗೆ ಹೇಳಿ, ಅವರಿಗೆ ಕೆಲಸ ಒಪ್ಪಿಸಿದರು. ಆ ಏಳೂ ಹೆಸರುಗಳನ್ನು ಓದಿ, ಎಲ್ಲವೂ ಗ್ರೀಕ್ ಹೆಸರುಗಳೇ! ಯಾರಿಗೆ ಅನ್ಯಾಯ ಆಗಿತ್ತೋ ಅವರ ಕಡೆಯವರ ಕೈಗೇ ಅಧಿಕಾರ ಕೊಟ್ಟರು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇಲ್ಲಿಂದ ರೈಲು ಹತ್ತಿದರು. ಅವರಲ್ಲಿ ನಮ್ಮಂತೆಯೇ ಯೇಸುವನ್ನು ನಂಬುವವರೂ ಇದ್ದರು. ಅಂಥ ದಿನ ಮತ್ತೆ ಬಂದರೆ, "ನಮ್ಮ ಮನೆಗೆ ಬಾ" ಅನ್ನುವಷ್ಟು ಪರಿಚಯ ನಮಗೆ ಯಾರ ಜೊತೆ ಇದೆ?

ಈ ವಾರ ಮೂರು ಕೆಲಸ ಮಾಡೋಣ. ಒಂದು, ಸಭೆ ಮುಗಿದ ಮೇಲೆ ನಿಮ್ಮ ಭಾಷೆ ಆಡದವರ ಪಕ್ಕ ಕೂತು ಊಟ ಮಾಡಿ. ಎರಡು, ಮಣಿಪುರದ ತಂಗಿಗೋ ನೈಜೀರಿಯಾದ ಅಣ್ಣನಿಗೋ ಬಾಡಿಗೆ ಮನೆ ಸಿಗದಿದ್ದರೆ, ಮಾಲೀಕರ ಹತ್ತಿರ ನೀವೂ ಜೊತೆಗೆ ಹೋಗಿ. ಮೂರು, ವಾಟ್ಸಾಪ್ ಗ್ರೂಪಲ್ಲಿ ಬಣ್ಣದ ಮೇಲೆ, ಮುಖದ ಮೇಲೆ ಜೋಕ್ ಬಂದಾಗ ಸುಮ್ಮನಿರಬೇಡಿ. ಬಾರ್ನಬನು ಬಾಯಿಬಿಟ್ಟು ಕೆಟ್ಟದ್ದು ಹೇಳಿದ ಅಂತ ವಾಕ್ಯದಲ್ಲಿಲ್ಲ. ಜೊತೆಗೆ ಎದ್ದು ಹೋದ, ಅಷ್ಟೇ.

ಇನ್ನೊಂದು ಮಾತು. ಮದುವೆ ವಿಷಯ ಬಂದಾಗ "ಹುಡುಗ ರಕ್ಷಣೆ ಹೊಂದಿದ್ದಾನೆ, ಸರಿ. ಆದ್ರೆ ಯಾವ ಜನ?" ಅಂತ ಕೇಳೋದೂ ಅದೇ ಮೇಜಿನಿಂದ ಏಳೋದೇ.

ಪ್ರಾರ್ಥಿಸೋಣ. ಕರ್ತನೇ, ನೀನು ಕೂರಿಸಿದ ಮೇಜಿನಿಂದ ನಾವು ಏಳದ ಹಾಗೆ ನಮಗೆ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.