ಹೇಳದೆ ಉಳಿದ ಕಥೆ

ಮನಸ್ಸಿನ ಬೇನೆಗೂ ಅಜ್ಜಿಯ ಕಥೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅಳೆದು ತೂಗಿ ನೋಡುವುದೇ ವೃತ್ತಿಯಾದ ನಮ್ಮಂಥ ಭೌತಶಾಸ್ತ್ರದ ಅಧ್ಯಾಪಕರಿಗೂ ಈ ಪ್ರಶ್ನೆ ಸಹಜವೇ. ಒಂದು ಕಥೆಯಿಂದಲೇ ಆರಂಭಿಸೋಣ.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಹೊರಬಿದ್ದವು; ಕಥೆ ಗಂಡಸಿನ ಜೋಡಾಯಿತು, ಹಾಡು ಅಂಗಿಯಾಯಿತು. ಅವನ್ನು ಕಂಡ ಗಂಡನಿಗೆ ಸಂಶಯ, ಮನೆಯಲ್ಲಿ ಜಗಳ. ಮುನಿದು ಹನುಮಂತನ ಗುಡಿಯಲ್ಲಿ ಮಲಗಿದ ಅವನಿಗೆ, ರಾತ್ರಿ ಅಲ್ಲಿ ಕೂಡಿದ ಊರಿನ ದೀಪಗಳ ಮಾತಿನಿಂದ ನಿಜ ತಿಳಿಯಿತು. ಮರಳಿ ಬಂದು ಕೇಳಿದರೆ ಹೆಂಡತಿಗೆ ಕಥೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ! (ಈ ದೀಪಗಳನ್ನು ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಅನೇಕರು ಕಂಡಿರಬೇಕು.)

ಸಂಕಟದಲ್ಲಿರುವ ಹೆಂಗಸು ‘ನನಗೆ ಖಿನ್ನತೆ’ ಎನ್ನುವುದು ವಿರಳ. ತಲೆಭಾರ, ಎದೆಯುರಿ, ನಿದ್ರೆಯಿಲ್ಲ ಎಂದಷ್ಟೇ ಹೇಳಿಯಾಳು. ಗಂಡನ ವಿಷಯ ನೇರವಾಗಿ ಕೇಳಿದರೆ ಮೌನ. ಆದರೆ ಕಥೆಯ ಆ ಗೃಹಿಣಿ ಏಕೆ ಬಾಯಿ ಬಿಡಲಿಲ್ಲವೆಂದು ಕೇಳಿದರೆ ಮಾತು ಹೊರಡಬಹುದು. ದೂಷಣೆಯ ಭಾರ ಆಗ ಬೇರೊಬ್ಬಳ ಮೇಲಿರುತ್ತದೆ. ತನ್ನ ನೋವನ್ನು ತುಸು ದೂರದಲ್ಲಿಟ್ಟು ನೋಡಲು ಸಾಧ್ಯವಾಗುತ್ತದೆ. ವ್ಯಕ್ತಿಯೇ ಸಮಸ್ಯೆಯಲ್ಲ, ಸಮಸ್ಯೆ ಬೇರೆ ಎಂಬ ಇದೇ ತತ್ತ್ವವನ್ನು ಆಸ್ಟ್ರೇಲಿಯದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ 1990ರ ತಮ್ಮ ಗ್ರಂಥದಲ್ಲಿ ಚಿಕಿತ್ಸಾಕ್ರಮವಾಗಿ ನಿರೂಪಿಸಿದರು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಹತ್ತಿರದ ಪದ್ಧತಿ ಮೊದಲೇ ಇದ್ದಿತು. ಮುಂದೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾದ ಆರ್. ಎಲ್. ಕಪೂರ್ ಅವರು ಜಿ. ಎಂ. ಕಾರ್‌ಸ್ಟೇರ್ಸ್ ಅವರೊಡನೆ ಕೋಟ ಗ್ರಾಮದ ಜನರ ಮಾನಸಿಕ ಸ್ಥಿತಿಯನ್ನು ಅಭ್ಯಸಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿ ವೈದ್ಯರಲ್ಲದೆ ಮಂತ್ರವಾದಿಗಳೂ, ಮೈಮೇಲೆ ದೈವ ಬರುವ ಪಾತ್ರಿಗಳೂ ರೋಗಿಗಳಿಗೆ ಉತ್ತರ ಹೇಳುತ್ತಿದ್ದರು. ಪಾತ್ರಿಯ ನುಡಿಯಲ್ಲಿ ರೋಗಿಯ ಸಂಕಟಕ್ಕೆ ಮನೆಯವರೆಲ್ಲ ಬಲ್ಲ ಒಂದು ಕಥೆ ದೊರೆಯುತ್ತದೆ. ಆದರೆ ಮೂರ್ಛೆರೋಗಕ್ಕೆ ದೈವದ ಕಥೆ ಸಾಲದು, ಔಷಧವೇ ಬೇಕು. ಈ ವಿಷಯದಲ್ಲಿ ನಾವು ಸಡಿಲು ಬಿಡಲಾರೆವು.

ಯಶವಂತಪುರ, ಹೆಬ್ಬಾಳ, ಆರ್. ಟಿ. ನಗರಗಳಲ್ಲಿ ಕನ್ನಡದ ಜತೆಗೆ ತೆಲುಗು, ತಮಿಳು, ಉರ್ದು, ಹಿಂದಿಗಳೂ ಬೀದಿಯ ಮಾತುಗಳೇ. ಇಲ್ಲಿನ ಆಪ್ತಸಲಹೆಗಾರರು ಎಲ್ಲರಿಗೂ ಸೀತೆಯ ಕಥೆಯನ್ನೇ ಹೇಳಿದರಾದೀತೆ? ಒಬ್ಬಾಕೆಗೆ ಸೀತೆ ತಾಳ್ಮೆಯ ಮಾದರಿ. ಇನ್ನೊಬ್ಬಾಕೆಗೆ ಆಕೆ ಅನ್ಯಾಯಕ್ಕೊಳಗಾದವಳು. ಮತ್ತೊಬ್ಬಾಕೆಯ ಮನೆಯಲ್ಲಿ ಆ ಕಥೆಯೇ ಇರಲಾರದು. ಹೆಸರು ಕೇಳಿಯೇ ಇವರ ಕಥೆ ಇಂಥದೆಂದು ಊಹಿಸುವುದಂತೂ ಕಥೆಯನ್ನೇ ಕೇಳದಿರುವುದಕ್ಕಿಂತ ಕೆಟ್ಟದ್ದು. ಆದುದರಿಂದ ಹೇಳುವ ಮೊದಲು ಕೇಳಬೇಕು: ‘ಇಂಥ ಕಷ್ಟಕ್ಕೆ ನಿಮ್ಮ ಮನೆಯ ಹಿರಿಯರು ಯಾವ ಕಥೆ ಹೇಳುತ್ತಿದ್ದರು?’

ಭಾಷೆ ಬಾರದಿದ್ದಲ್ಲಿ ಮನೆಯವರನ್ನೇ ದುಭಾಷಿಯಾಗಿ ಕೂರಿಸಿಕೊಳ್ಳುವ ರೂಢಿಯುಂಟು. ಸೊಸೆಯ ಮಾತನ್ನು ಅತ್ತೆ ಅನುವಾದಿಸುವ ಕೋಣೆಯಲ್ಲಿ ಯಾವ ಕಥೆ ಹೊರಬಂದೀತು? ಹೊರಗಿನ ದುಭಾಷಿಯೊಬ್ಬರು ದೊರೆಯುವವರೆಗೆ ಕಾಯುವುದೇ ಲೇಸು.