ಹಳೇ ಮೀನಿನ ಹೊಂಡಕ್ಕೆ ಹೊಸ ಮರಿ

2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಖುಷ್ಕಿ ಹೊಲಗಳಲ್ಲೂ ಹೊಂಡ ಕಾಣತೊಡಗಿದವು. ನೀರು ನಿಂತ ಮೇಲೆ ಮೀನು ಸಾಕುವ ಆಸೆ ಯಾರಿಗಿಲ್ಲ? ಮಿರ್ಲೆ ಕಡೆಯ ನಮಗೂ ಅಷ್ಟೇ. ಬೇಸಿಗೆಯಲ್ಲಿ ಹಿಡಿದು ತಿಂದು ಮಾರಿದ ಮೇಲೂ ಒಂದಷ್ಟು ಕಾಟ್ಲಾ, ರೋಹು ಉಳಿದುಬಿಡುತ್ತವೆ. ಮಳೆಗಾಲಕ್ಕೆ ಹೊಸ ಮರಿ ತಂದಾಗ ಅವುಗಳ ಜೊತೆಗೇ ಬಿಡಬಹುದಾ?

"ಒಂದೇ ಜಾತಿ ತಾನೇ, ಹೊಂದಿಕೊಂಡು ಹೋಗ್ತವೆ" ಅನ್ನುವವರೇ ಹೆಚ್ಚು. ಆದರೆ ಗುಂಪಿನಲ್ಲಿ ಈಜುವ ಮೀನು ಜಾತಿಯ ಜೊತೆ ಗಾತ್ರವನ್ನೂ ನೋಡುತ್ತದೆ. ದೊಡ್ಡದರ ವೇಗಕ್ಕೆ ಮರಿ ಸಾಟಿಯಲ್ಲ. ಗುಂಪಿನಲ್ಲಿ ಬೇರೆ ಥರ ಕಾಣುವ ಮೀನು ಹಕ್ಕಿಯ ಕಣ್ಣಿಗೂ ಬೇಗ ಬೀಳುತ್ತದೆ. ಹಾಗಾಗಿ ಮರಿಗಳದ್ದೇ ಒಂದು ಹಿಂಡು, ದೊಡ್ಡವುಗಳದ್ದೇ ಒಂದು. ಕುರಿಮರಿ ತಾಯಿ ಹಿಂದೆ ಹೋದ ಹಾಗೆ ಇಲ್ಲಿಲ್ಲ. ಕೊರವ ಮೀನು ಮಾತ್ರ ತನ್ನ ಮರಿ ಕಾಯುತ್ತದೆ. ಬೇರೆಯವರ ಮರಿ ನುಂಗುವುದರಲ್ಲೂ ಅದೇ ಮುಂದು!

ಕಾಟ್ಲಾ, ರೋಹುವಿನ ದವಡೆಯಲ್ಲಿ ಹಲ್ಲಿಲ್ಲ, ಬೆರಳುದ್ದದ ಮರಿಯನ್ನು ಅವು ತಿನ್ನುವುದಿಲ್ಲ. ತೊಂದರೆ ಇರುವುದು ಮೇವಿನಲ್ಲಿ. ತೌಡು, ಕಡ್ಲೆಕಾಯಿ ಹಿಂಡಿ ಹಾಕಿದ ಕೂಡಲೇ ದೊಡ್ಡವು ನುಗ್ಗಿ ಬಳಿದುಬಿಡುತ್ತವೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರಿಲ್ಲದ್ದರಿಂದ ತಾನಾಗಿ ಹುಟ್ಟುವ ಮೇವೂ ಕಮ್ಮಿ. ಮರಿ ಸಾಯದಿದ್ದರೂ ಬೆಳೆಯೋದಿಲ್ಲ. ನಮ್ಮಲ್ಲಿ ನೀರು ನಿಲ್ಲೋದೇ ಏಳೆಂಟು ತಿಂಗಳು. ಮೊದಲೆರಡು ತಿಂಗಳು ಹಾಗೇ ಕಳೆದರೆ ಆ ವರ್ಷದ ಫಸಲು ಕೈಬಿಟ್ಟ ಹಾಗೆ.

ಅದಕ್ಕೆ ಮೊದಲು ಬಲೆ ಎಳೆದು ಹಳೇ ಮೀನು ಆದಷ್ಟೂ ತೆಗೀತೇನೆ. ಮಿಕ್ಕವುಗಳಿಂದ ಮರಿಗಳನ್ನು ಬೇರೆ ಇಡಲು ಸೊಳ್ಳೆಪರದೆ ಬಟ್ಟೆಯ ದೊಡ್ಡ ಚೀಲ ಹೊಲಿಸಿದ್ದೇನೆ. ಗೂಟ ಊರಿದರೆ ಪ್ಲಾಸ್ಟಿಕ್ ಹರಿಯುತ್ತದೆ. ದಡದಿಂದ ದಡಕ್ಕೆ ಹಗ್ಗ ಬಿಗಿದು ಚೀಲ ತೂಗಿಬಿಡಬೇಕು. ಬಾಯಿ ನೀರಿನಿಂದ ಒಂದಡಿ ಮೇಲಿರಲಿ, ಒಳಗಿನ ಮೂಲೆಗೆ ನುಣ್ಣನೆ ಕಲ್ಲು ಹಾಕಿ. ವಾರಕ್ಕೊಮ್ಮೆ ಪಾಚಿ ಉಜ್ಜದಿದ್ದರೆ ನೀರು ಆಡದೆ ಮರಿ ಉಸಿರುಗಟ್ಟುತ್ತವೆ. ಒಂದೂವರೆ ತಿಂಗಳು ಅಲ್ಲೇ ಮೇವು ಕೊಟ್ಟು ಬಲಿಸಿ ಆಮೇಲೆ ಹೊಂಡಕ್ಕೆ ಬಿಡುತ್ತೇನೆ. ಬಿಟ್ಟ ಮೇಲೂ ದೊಡ್ಡವುಗಳಿಗೆ ಒಂದು ಮೂಲೆಯಲ್ಲಿ ಮೊದಲು ಹಾಕಿ, ಅವು ಅಲ್ಲಿ ಮುಗಿಬಿದ್ದಾಗ ಎದುರು ಮೂಲೆಯಲ್ಲಿ ಮರಿಗಳಿಗೆ ಹಾಕೋದು.

ಮನೆಯ ಗಾಜಿನ ತೊಟ್ಟಿಯಲ್ಲಿ ಜೀಬ್ರಾ ಮೀನು ಸಾಕುವವರು ಇನ್ನೂ ಹುಷಾರಾಗಿರಬೇಕು. ಅವು ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ. ದೊಡ್ಡದರ ಬಾಯಲ್ಲಿ ಹಿಡಿಯದಷ್ಟು ಬೆಳೆಯುವವರೆಗೆ ಮರಿ ಬೇರೆ ಪಾತ್ರೆಯಲ್ಲಿರಲಿ. ಆಮೇಲೂ ಒಂದೆರಡನ್ನೇ ಬಿಡಬೇಡಿ. ಹತ್ತಾರನ್ನು ಒಟ್ಟಿಗೆ ಬಿಡಿ, ಅಡಗಲು ಒಂದಿಷ್ಟು ನೀರುಗಿಡವೂ ಇರಲಿ.